ತೆಕ್ ಅಣ್ಣನ ಗಂಟಲಲ್ಲಿ ಕೂತವನು

ಹೆಂಡತಿಯ ಹೆಣದ ಮುಂದೆ ಮಂಡಿಯೂರಿ ಕೂತ ಗಂಡಸೊಬ್ಬ “ಒಂದು, ಎರಡು, ಮೂರು, ನಾಲ್ಕು” ಎಂದು ಎಣಿಸುತ್ತಾ ಅಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಕ್ಕಿರಬೇಕು ಅಂದುಕೊಂಡಿರಾ? ಇಲ್ಲ. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂದದ್ದೂ ತಿಳಿಯದಂತೆ ಬಿಕ್ಕಿ ಬಿಕ್ಕಿ ಅತ್ತಿದ್ದೇನೆ. ಅವನು “ಒಂಬತ್ತು” ಎಂದು ಹೆಣದ ಕೈ ಹಿಡಿದ. “ಹತ್ತು” ಎನ್ನುವಾಗ ಅವನ ತುಟಿ ನಡುಗಿತು. ದೀಪ ಹಿಡಿದಿದ್ದ ಕಟ್ಟುಮಸ್ತಾದ ಆಳುಗಳು ತೋಳಿನಿಂದ ಕಣ್ಣೊರೆಸಿಕೊಂಡರು. ಹೆಣವಾಗಿ ಮಲಗಿದ್ದ ನಟಿಯ ಕಣ್ಣಿನಿಂದಲೇ ನೀರು ಇಳಿದು ಆ ಟೇಕ್ ಹಾಳಾಯಿತು.

ಅವನ ಹೆಸರು ಸಿಯಾವ್ ಖುನ್ ತೆಕ್. ತಾಯ್‌ಪೇಯ ಸ್ಟುಡಿಯೋಗಳಲ್ಲಿ ಎಲ್ಲರಿಗೂ ತೆಕ್ ಅಣ್ಣ. ನಾನು ಲುವಾನ್, ಉಡುಪಿನ ಕೆಲಸದವಳು. ನಟರನ್ನು ಕಂಡರೆ ನನಗೆ ಅಷ್ಟೇನೂ ಗೌರವವಿಲ್ಲ. ಅವರ ಬೆವರಿನ ವಾಸನೆ, ಹೊಟ್ಟೆಯ ಸುತ್ತಳತೆ, ಹೊಟ್ಟೆಕಿಚ್ಚು ಎಲ್ಲವನ್ನೂ ಹತ್ತಿರದಿಂದ ಬಲ್ಲೆ. ಅಂಥ ನಾನೇ ಈ ಮನುಷ್ಯನ ವಿಷಯಕ್ಕೆ ಬಂದರೆ ಇವತ್ತಿಗೂ ಬೆಕ್ಕಸಬೆರಗಾಗುತ್ತೇನೆ. ಅದು ಯಾಕೆ ಎಂದು ಹೇಳಿಬಿಡುತ್ತೇನೆ.

ಆ ಕಾಲದಲ್ಲಿ ನಮ್ಮ ಕ್ಯಾಮೆರಾಗಳು ಅಕ್ಕಿ ಗಿರಣಿಯಂತೆ ಗರಗರ ಅನ್ನುತ್ತಿದ್ದವು. ಶೂಟಿಂಗಿನಲ್ಲಿ ಮಾತು ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಕತ್ತಲೆ ಕೋಣೆಯಲ್ಲಿ ಬೇರೆಯವರು ಕೂತು ಪರದೆ ನೋಡಿಕೊಂಡು ಡಬ್ಬಿಂಗ್ ಮಾಡುತ್ತಿದ್ದರು. ಹಾಗಾಗಿ ಮಾತು ಬಾಯಿಪಾಠವಾಗದ ನಟರಿಗೆ, ನಾಲಗೆ ಹೊರಳದ ನಟರಿಗೆ ನಿರ್ದೇಶಕರು ಒಂದೇ ಮಾತು ಹೇಳುತ್ತಿದ್ದರು: ಎಣಿಸಿ. ಉದ್ದದ ಮಾತಾದರೆ ಉದ್ದಕ್ಕೆ ಎಣಿಸಬೇಕು, ಸಿಟ್ಟಾದರೆ ಸಿಟ್ಟಿನಿಂದ ಎಣಿಸಬೇಕು. ಬಾಯಿ ಅಲ್ಲಾಡಿದರೆ ಸಾಕು. ಉಳಿದವರು ಎಣಿಸಿದರೆ ಅಂಗಡಿಯವನು ಮೊಟ್ಟೆ ಎಣಿಸಿದಂತೆ ಇರುತ್ತಿತ್ತು. ತೆಕ್ ಅಣ್ಣ ಎಣಿಸಿದರೆ ಎದೆ ಹಿಂಡುತ್ತಿತ್ತು.

ಅವನು ಬುದಾಯ್ ಕಡಲಂಚಿನ ಉಪ್ಪಿನ ಗದ್ದೆಯ ಮಗ. ಶಾಲೆಗೆ ಸೇರಿದಾಗ ನಮ್ಮನ್ನು ಆಳುತ್ತಿದ್ದವರು ಜಪಾನಿಯರು, ಜಪಾನಿ ಕಲಿಸಿದರು. ಅದು ನಾಲಗೆಗೆ ಹತ್ತುವಷ್ಟರಲ್ಲಿ ಜಪಾನಿಯರು ಗಂಟುಮೂಟೆ ಕಟ್ಟಿದರು, ಸಮುದ್ರದಾಚೆಯಿಂದ ಬಂದ ಹೊಸ ಸರ್ಕಾರದ ರಾಷ್ಟ್ರಭಾಷೆ ಬಂದು ಕೂತಿತು. ಇವನಿಗೆ ಸರಿಯಾಗಿ ಬಂದದ್ದು ಮನೆಯ ಮಾತು ಒಂದೇ. ಅಪ್ಪ ತೀರಿಕೊಂಡ ಮೇಲೆ, ಮೀಸೆ ಚಿಗುರುವ ವಯಸ್ಸಿನಲ್ಲಿ, ಊರಿಗೆ ಬಂದಿದ್ದ ನಾಟಕದವರ ಲಾರಿ ಹತ್ತಿ ಉತ್ತರಕ್ಕೆ ಬಂದ. ತಾಯ್‌ಪೇ ಪಕ್ಕದ ನಮ್ಮ ಬೇತೌ ಗುಡ್ಡದಲ್ಲಿ ಆಗ ಆ ಮನೆಮಾತಿನಲ್ಲೇ, ನಮ್ಮ ಮಾತಿನ ಸಿನಿಮಾಗಳನ್ನು ತೆಗೆಯುತ್ತಿದ್ದರು. ಗುಂಪಿನಲ್ಲಿ ನಿಲ್ಲುವ ಕೆಲಸ ಸಿಕ್ಕಿತು. ಇವನ ಮುಖ ನಿರ್ದೇಶಕರ ಕಣ್ಣಿಗೆ ಬೀಳುವ ಹೊತ್ತಿಗೆ ನಮ್ಮ ಮಾತಿನ ಸಿನಿಮಾವೇ ಮುಳುಗಿಹೋಯಿತು. ಇನ್ನು ಮೇಲೆ ಎಲ್ಲ ರಾಷ್ಟ್ರಭಾಷೆಯಲ್ಲೇ.

ಮೊದಲ ದೊಡ್ಡ ಪಾತ್ರದ ದಿನ ಇವನು ರಾಷ್ಟ್ರಭಾಷೆಯಲ್ಲಿ ಒಂದು ಸಾಲು ಹೇಳಿದ್ದೇ ತಡ, ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ ಮಾರಾಯ! ಬಾಯಿ ಮುಚ್ಚಿದ್ರೆ ಸೇನಾಪತಿ, ತೆಗೆದ್ರೆ ಮೀನು ಮಾರೋನು! ಎಣಿಸಪ್ಪಾ, ನೀನು ಸುಮ್ನೆ ಎಣಿಸು.”

ಎಣಿಸಿದ. ಅವನ ಬಾಯಿಗೆ ಮಾತು ಕೂರಿಸಿದ್ದು ಚೂ ಮೇಷ್ಟ್ರು. ರೇಡಿಯೋ ನಾಟಕದಲ್ಲಿ ಪಳಗಿದವರು, ಸಮುದ್ರದಾಚೆಯಿಂದ ಬಂದ ಮನೆತನ, ಪುಟ್ಟ ದೇಹ, ಬೋಳು ತಲೆ, ಬಗಲಲ್ಲಿ ಯಾವಾಗಲೂ ಚಹಾದ ಫ್ಲಾಸ್ಕು. ದನಿ ಮಾತ್ರ ಚಕ್ರವರ್ತಿಯದು. ಆ ಸಿನಿಮಾ ಓಡಿತು. ಆಮೇಲೆ ತೆಕ್ ಅಣ್ಣನ ಮುಖ ಎಲ್ಲಿದೆಯೋ ಅಲ್ಲಿ ಚೂ ಮೇಷ್ಟ್ರ ದನಿ. ಸೇನಾಪತಿ, ಡಕಾಯಿತ, ಪೊಲೀಸು, ಹೆಂಡತಿ ಸತ್ತ ಗಂಡ, ಎಲ್ಲದಕ್ಕೂ ಅದೇ. ಒಂದೇ ಮನುಷ್ಯನ ಎರಡು ಅರ್ಧಗಳಂತೆ ಬದುಕಿದ ಇವರಿಬ್ಬರು ಒಂದು ದಿನವೂ ಎದುರಾಬದುರು ಕೂತು ಚಹಾ ಕುಡಿದವರಲ್ಲ. ಒಬ್ಬನದು ಬಿಸಿಲಿನ ಕೆಲಸ, ಇನ್ನೊಬ್ಬರದು ಕತ್ತಲೆ ಕೋಣೆಯದು.

ಟಿವಿಯ ಕಥೆ ಇನ್ನೂ ಚೆನ್ನ. ಅಲ್ಲಿ ಸ್ಟುಡಿಯೋದಲ್ಲೇ ಮಾತು ಹಿಡಿಯುತ್ತಿದ್ದರು, ಡಬ್ಬಿಂಗ್ ಇರಲಿಲ್ಲ. ಇವನ ಮುಖ ಬೇಕು, ಮಾತು ಬೇಡ. ಏನು ಮಾಡಿದರು? ಮೂಗನ ಪಾತ್ರ ಕೊಟ್ಟರು. ಶ್ರೀಮಂತರ ಮನೆಯೊಂದರ ಕಥೆ, ಅದರಲ್ಲಿ ಜಮೀನ್ದಾರನೊಬ್ಬ ನಾಲಗೆ ಕತ್ತರಿಸಿದ ನಂಬಿಗಸ್ತ ಆಳು ಇವನು. ಧಾರಾವಾಹಿ ಎಷ್ಟು ಓಡಿತೆಂದರೆ ನಮ್ಮ ಬೀದಿಯ ಸಂತೆಯ ಹೆಂಗಸರು ಇವನನ್ನು ಕಂಡರೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಇವನೂ ಮರ್ಯಾದೆಯಿಂದ ಕೈಸನ್ನೆಯಲ್ಲೇ ತರಕಾರಿ ಕೊಳ್ಳುತ್ತಿದ್ದ, ಒಂದು ಕಟ್ಟು ಈರುಳ್ಳಿ ಸೊಪ್ಪು ಪುಕ್ಕಟೆ ಗಿಟ್ಟುತ್ತಿತ್ತು. ಜಮೀನ್ದಾರನ ಪಾತ್ರ ಮಾಡಿದವನಿಗೆ ಅದೇ ಸಂತೆಯಲ್ಲಿ ಎಲೆಕೋಸಿನ ಏಟು ಬಿದ್ದಿತ್ತು. ಒಂದು ದಿನ ತೆಕ್ ಅಣ್ಣ ಮೈಮರೆತು, “ಇನ್ನೊಂದು ಕಟ್ಟು ಕೊಡಕ್ಕ” ಅಂದುಬಿಟ್ಟ. ಆ ಹೆಂಗಸು ತಕ್ಕಡಿ ಕೆಳಗಿಟ್ಟು, ದೇವರು ಬಾಯಿ ಕೊಟ್ಟ ಎಂದು ಆಕಾಶಕ್ಕೆ ಕೈಮುಗಿದಳು. ಆಮೇಲೆ ಅವನು ಬೇರೆ ಸಂತೆಗೆ ಹೋಗಬೇಕಾಯಿತು.

ನಗುತ್ತಲೇ ಇದನ್ನೆಲ್ಲ ಹೇಳುತ್ತಿದ್ದ. ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದವು, ಬಾಡಿಗೆ ಮನೆ ಸ್ವಂತ ಮನೆಯಾಯಿತು. ಜನ ಬೀದಿಯಲ್ಲಿ ನಿಂತು ನೋಡುವಷ್ಟು ಹೆಸರು ಬಂತು. ನಗಲಾಗದ ಸಂಗತಿ ಒಂದೇ ಒಂದು ಇತ್ತು, ಅದು ಅವನ ಅವ್ವ.

ಅವ್ವನ ಹೆಸರು ಬೊಂಗ್ ಚಿ. ಮೇಲಿಂದ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ, ಇರಲಿ ಸಾಕೋಣ ಬಿಡು ಎಂದು ಇಡುತ್ತಿದ್ದ ಹೆಸರು ಅದು. ಹುಟ್ಟಿದಾಗಲೇ ಬಿಡು ಅನ್ನಿಸಿಕೊಂಡವಳು ಜೀವಮಾನದಲ್ಲಿ ಯಾವುದನ್ನೂ ಬಿಟ್ಟವಳಲ್ಲ. ಮಗ ಸೇನಾಪತಿಯಾದ ಸಿನಿಮಾ ಬುದಾಯ್‌ನ ಗುಡಿಯ ಅಂಗಳಕ್ಕೆ ಬಂದಾಗ ಇಡೀ ಊರು ಅವಳನ್ನು ಮುಂದೆ ಕೂರಿಸಿತು. ಬಿಳಿ ಬಟ್ಟೆಯ ಮೇಲೆ ಮಗ ಬಂದ, ಕತ್ತಿ ಎತ್ತಿದ, ಬಾಯಿ ತೆರೆದ. ಚೂ ಮೇಷ್ಟ್ರ ದನಿ ಬಂತು. ಅವಳಿಗೆ ತಿಳಿಯದ ರಾಷ್ಟ್ರಭಾಷೆಯಲ್ಲಿ, ಅವಳು ಕೇಳಿರದ ಗಂಟಲಲ್ಲಿ.

ಬೇರೆ ತಾಯಿಯಾಗಿದ್ದರೆ ಹೆಮ್ಮೆಪಡುತ್ತಿದ್ದಳೋ ಏನೋ. ಬೊಂಗ್ ಚಿ ಗುಡಿಯಲ್ಲಿ ಮೈಮೇಲೆ ದೇವರು ಬರುವವರನ್ನು ನೋಡುತ್ತಾ ಬೆಳೆದವಳು. ನಿನ್ನೆ ತನಕ ಮೀನು ಹಿಡಿಯುತ್ತಿದ್ದವನ ಬಾಯಲ್ಲಿ ಇನ್ಯಾರದೋ ದನಿ ಬಂದರೆ ಅದಕ್ಕೆ ಅರ್ಥ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ಮಾರನೇ ದಿನ ದಿನಸಿ ಅಂಗಡಿಯ ಫೋನಿನಿಂದ ಸ್ಟುಡಿಯೋಗೆ ಕರೆ ಬಂತು. ತೆಕ್ ಅಣ್ಣನ ಅಂಗಿಯ ತೋಳನ್ನು ನಾನು ಹೊಲಿಯುತ್ತಿದ್ದೆ. ಅವಳು ಊರಿನಿಂದ ಕೂಗುತ್ತಿದ್ದದ್ದು ಫೋನು ಇಲ್ಲದಿದ್ದರೂ ಕೇಳಿಸುತ್ತಿತ್ತು.

“ಮಗಾ, ನೀನು ಹಾಕ್ಕಂಡು ಬಿಟ್ಟಿರೋ ಅಂಗಿ ಒಂದ ಕಳ್ಸು.”

“ಯಾಕವ್ವ?”

“ನಿನ್ ಗಂಟ್ಲಲ್ಲಿ ಯಾವನೋ ಕೂತವ್ನೆ ಕಣ್ಲಾ. ಎಬ್ಬಿಸ್ಬೇಕು.”

“ಅಯ್ಯೋ ಅವ್ವ, ಅವ್ರು ಚೂ ಮೇಷ್ಟ್ರು ಅಂತ. ಕಂಪನಿಯೋರೇ ದುಡ್ಡು ಕೊಟ್ಟು ಮಾತಾಡಿಸ್ತಾರೆ.”

“ದುಡ್ಡು ಕೊಟ್ಟು ಕೂರಿಸ್ಕಂಡಿದ್ದೀಯಾ! ಥೂ, ಬುದ್ಧಿಗೇಡಿ! ಬ್ಯಾಗ ಅಂಗಿ ಕಳ್ಸು!”

ಬೆದರಿ ಜೀವ ಎಲ್ಲೋ ಅಲೆಯುತ್ತಿದ್ದರೆ ಅದನ್ನು ಕರೆದು ತರುವ ಮುದುಕಿಯರು ನಮ್ಮಲ್ಲಿ ಎಲ್ಲ ಗುಡಿಗಳಲ್ಲೂ ಇದ್ದಾರೆ. ಮನುಷ್ಯ ದೂರದಲ್ಲಿದ್ದರೆ ಅವನು ತೊಟ್ಟ ಅಂಗಿಯಾದರೂ ಸಾಕು. ಅಂಗಿಯಲ್ಲಿ ಅಕ್ಕಿಯ ಬಟ್ಟಲು ಸುತ್ತಿ, ಊದುಬತ್ತಿ ಸುಳಿಸಿ, ಹೆಸರು ಹಿಡಿದು ಕರೆಯುತ್ತಾರೆ. ಮೊದಲನೇ ಅಂಗಿಯನ್ನು ನಾನು ಶಿಸ್ತಾಗಿ ಒಗೆದು ಇಸ್ತ್ರಿ ಮಾಡಿ ಕಳಿಸಿದೆ. ಅದು ಹೋದ ಹಾಗೇ ವಾಪಸು ಬಂತು, ಜೊತೆಗೆ ಫೋನಿನಲ್ಲಿ ಬೈಗುಳ: “ಸೋಪು ಹಾಕಿ ನನ್ ಮಗನ್ನೆಲ್ಲ ತೊಳ್ದು ಬಿಟ್ಟೋಳು ಯಾವಳ್ಲಾ ಅವ್ಳು?” ಅಲ್ಲಿಂದ ಮುಂದೆ ಪ್ರತಿ ಸಿನಿಮಾಕ್ಕೆ ಒಂದು ಬೆವರಿನ ಅಂಗಿ ಬುದಾಯ್‌ಗೆ ಹೋಗುತ್ತಿತ್ತು, ಕೊರಳಪಟ್ಟಿಯ ಮೇಲೆ ಗುಡಿಯ ಕೆಂಪು ಮುದ್ರೆ ಒತ್ತಿಸಿಕೊಂಡು ಬರುತ್ತಿತ್ತು. ಅವನು ಅದನ್ನು ಸೇನಾಪತಿಯ ಕವಚದ ಒಳಗೂ ತೊಡುತ್ತಿದ್ದ, ಮೂಗನ ಹರಕು ಬಟ್ಟೆಯ ಒಳಗೂ ತೊಡುತ್ತಿದ್ದ. ಮುದ್ರೆ ಕ್ಯಾಮೆರಾಕ್ಕೆ ಕಾಣದಂತೆ ಮಡಚಿ ಹೊಲಿಯುವ ತಲೆನೋವು ನನ್ನದು. ಸೆಟ್ಟಿನಲ್ಲಿ ಯಾರೂ ಗೇಲಿ ಮಾಡಲಿಲ್ಲ. ಹೊಸ ಸಿನಿಮಾ ಶುರುವಾದರೆ ಕ್ಯಾಮೆರಾಕ್ಕೇ ಹಣ್ಣುಹಂಪಲಿಟ್ಟು ಊದುಬತ್ತಿ ಹಚ್ಚುವ ಜನ ನಾವು.

ಹಬ್ಬಕ್ಕೆ ಊರಿಗೆ ಹೋದಾಗ ಅವನು ಅವ್ವನೊಡನೆ ತನ್ನ ದನಿಯಲ್ಲೇ ಮಾತಾಡುತ್ತಿದ್ದನಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮನೆಯಲ್ಲಿದ್ದಾಗ ಅವನು ಸರಿಯಾಗಿರುತ್ತಾನೆ, ತಾಯ್‌ಪೇಗೆ ಹೋದ ಕೂಡಲೇ ಆ ಇನ್ನೊಬ್ಬ ಒಳಗೆ ಸೇರಿಕೊಳ್ಳುತ್ತಾನೆ, ಇದು ಅವಳ ವಾದ. ವರ್ಷಗಳು ಹೋದ ಹಾಗೆ ವಾದ ಸಣ್ಣದಾಗಿ ಆಸೆ ಮಾತ್ರ ಉಳಿಯಿತು. ಒಂದು ಹೊಸವರ್ಷ ಮುಗಿಸಿಕೊಂಡು ಬಂದವನು ಊಟದ ಡಬ್ಬಿ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ.

“ಅವ್ವಂಗೆ ಒಂದು ಕಿವಿ ಹೋಯ್ತು ಕಣೇ ಲುವಾನ್,” ಅಂದ. “ಇನ್ನೊಂದೂ ಹೊರಟದೆ. ಅದು ಇರೋದ್ರೊಳ್ಗೆ ಆ ಬಟ್ಟೆ ಮೇಲಿಂದ ನಿನ್ ಬಾಯಲ್ಲೇ ಒಂದೇ ಒಂದು ಮಾತು ಕೇಳ್ಬುಟ್ರೆ ಸಾಕು ಮಗಾ ಅಂತಾಳೆ. ಊರೆಲ್ಲ ನಿನ್ನ ನೋಡ್ತದೆ, ನಾನು ಕೇಳ್ಬೇಕು ಅಂತಾಳೆ. ಹುಟ್ಟಿದಾಗ್ನಿಂದ ಅವ್ಳು ನನ್ನ ಏನಾದ್ರೂ ಕೇಳಿದ್ದು ಅಂದ್ರೆ ಇದೊಂದೇ.”

ಅವತ್ತಿನಿಂದ ಅವನು ಸಿಕ್ಕ ಸಿಕ್ಕ ನಿರ್ಮಾಪಕರ ಮುಂದೆಲ್ಲ ಕೈಯೊಡ್ಡಿದ. ಒಂದು ಸಾಲು ಬೇಡ, ಒಂದು ಕರೆ, ಒಂದು ಕೂಗು, ಕೊನೆಗೆ ಒಂದು ಕೆಮ್ಮು ನನ್ನದಿರಲಿ ಎಂದ. ಅವರು ಬೆನ್ನು ತಟ್ಟಿ ನಗುತ್ತಿದ್ದರು. ನಿನ್ನ ದನಿ ಅಂದರೆ ಜನಕ್ಕೆ ಚೂ ಮೇಷ್ಟ್ರದ್ದು, ನೀನು ಬಾಯಿ ತೆರೆದರೆ ಇದು ಯಾರೋ ನಕಲಿ ಅಂದುಕೊಳ್ಳುತ್ತಾರೆ ಎನ್ನುತ್ತಿದ್ದರು. ಅವರು ಹೇಳಿದ್ದು ನಿಜವೇ. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಆಮೇಲೆ ಕಾಲ ತಿರುಗಿತು. ಸೈನ್ಯದ ಕಾನೂನು ಹೋಯಿತು, ನಮ್ಮ ಮಾತಿಗೂ ಬಿಸಿಲಿಗೆ ಬರುವ ಧೈರ್ಯ ಬಂತು. ಹೊಸ ಹುಡುಗರು ಸದ್ದು ಮಾಡದ ಕ್ಯಾಮೆರಾ ಹೊತ್ತುಕೊಂಡು ಊರೂರು ಅಲೆಯತೊಡಗಿದರು. ಅವರಲ್ಲಿ ಒಬ್ಬ ಗೋ ಬಿಂಗ್. ಬೆಂಕಿಕಡ್ಡಿಯಂಥ ಮೈ, ಬಾಯಲ್ಲಿ ಯಾವಾಗಲೂ ಸಿಗರೇಟು. ಉಪ್ಪಿನ ಗದ್ದೆಯ ಕೂಲಿಯೊಬ್ಬನ ಕಥೆ ಬರೆದುಕೊಂಡು ಬಂದ. ಮಾತೆಲ್ಲ ನಮ್ಮ ಮಾತು, ಗದ್ದೆಯಲ್ಲೇ ನಿಂತು ಹೇಳಬೇಕು, ಅಲ್ಲೇ ಹಿಡಿಯುತ್ತೇವೆ, ಡಬ್ಬಿಂಗ್ ಇಲ್ಲ ಎಂದ. ತೆಕ್ ಅಣ್ಣ ಕೇಳಿಸಿಕೊಂಡು, ಒಂದು ನಿಮಿಷ ಬಂದೆ ಎಂದು ಎದ್ದು ಹೋದ. ಹಿತ್ತಲಿನ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು, ಆಮೇಲೆ ಊರಿನ ದಿನಸಿ ಅಂಗಡಿಗೆ ಫೋನು ಮಾಡಿದ.

“ಅವ್ವಾ, ಈ ಸಲ ನಾನೇ ಮಾತಾಡ್ತೀನಿ.”

“ಆಂ?”

“ನಾನೇ ಮಾತಾಡ್ತೀನಿ ಅಂದೆ!”

“ಮತ್ತೆ ಬ್ಯಾಗ ಮಾಡ್ಲಾ! ಕಿವಿ ನಿಂಗೋಸ್ಕರ ಕಾಯ್ಕಂಡು ಕೂತಿರ್ತದಾ?”

ಶೂಟಿಂಗು ಬುದಾಯ್‌ನಲ್ಲಲ್ಲ, ಅದಕ್ಕಿಂತ ದಕ್ಷಿಣದ ಚೀಗು ಕಡೆ, ಕೈಬಿಟ್ಟ ಹಳೇ ಉಪ್ಪಿನ ಗದ್ದೆಗಳಲ್ಲಿ. ಮೈಲಿಗಟ್ಟಲೆ ಬಯಲು, ಗಾಳಿ, ಕೊಕ್ಕರೆ. ಊದುಬತ್ತಿ ಹಚ್ಚಿ ಮುಗಿದ ಮೇಲೆ ಮೊದಲ ದೃಶ್ಯ. ಗುಡಿಸಲಿನಲ್ಲಿ ಕಾಯಿಲೆಯ ಹೆಂಡತಿಯ ಪಕ್ಕ ಕೂತು ಕೂಲಿ ಹೇಳುತ್ತಾನೆ: ನೀನು ಹೋದರೆ ನಾನು ಯಾರ ಜೊತೆ ಉಪ್ಪು ಹೊರಲಿ? ಎಲ್ಲ ನಿಶ್ಶಬ್ದ. ಯಂತ್ರ ತಿರುಗುವುದೂ ಕೇಳಿಸುತ್ತಿಲ್ಲ. ತೆಕ್ ಅಣ್ಣನ ಕಣ್ಣು ತುಂಬಿತು, ಮುಖ ಕರಗಿತು, ನನ್ನ ಎದೆಯೂ ಕರಗಿತು. ಬಾಯಿ ತೆರೆದ.

“ಒಂದು, ಎರಡು, ಮೂರು, ನಾಲ್ಕು, ಐದು...”

ಕಿವಿಗೆ ಯಂತ್ರ ಕಟ್ಟಿಕೊಂಡಿದ್ದ ಸೌಂಡಿನವನು ಅದನ್ನು ಕಳಚಿ ನಮ್ಮ ಮುಖ ನೋಡಿದ. ಹಾಸಿಗೆಯಲ್ಲಿದ್ದ ನಟಿ ಕಿಸಕ್ಕೆಂದು ನಕ್ಕಳು. ಇಷ್ಟು ವರ್ಷ ನಮ್ಮನ್ನು ಅಳಿಸಿದ ಅದೇ ಎಣಿಕೆ ಇವತ್ತು ಬಟ್ಟೆ ಬಿಚ್ಚಿ ನಿಂತ ಹಾಗೆ ಆಯಿತು. ತೆಕ್ ಅಣ್ಣನಿಗೆ ತಾನು ಎಣಿಸುತ್ತಿದ್ದೇನೆ ಎಂದು ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಮುಖ ಬಿಳುಚಿಕೊಂಡಿತು.

“ಪರ್ವಾಗಿಲ್ಲ ತೆಕ್ ಅಣ್ಣ, ಅಭ್ಯಾಸ. ಇನ್ನೊಂದ್ಸಲ ಹೋಗೋಣ,” ಅಂದ ಬಿಂಗ್.

ಇನ್ನೊಂದು ಸಲ ಅವನು ಎಣಿಸಲಿಲ್ಲ. ಬರೆದ ಮಾತನ್ನೇ, ನಮ್ಮ ಮಾತಿನಲ್ಲೇ ಹೇಳಿದ. ಕೇಳಿ ನನ್ನ ಮೈ ಜುಮ್ಮೆಂದಿತು. ಅದು ಚೂ ಮೇಷ್ಟ್ರ ದನಿ! ಅದೇ ಏರಿಳಿತ, ಅದೇ ಗತ್ತು, ಕೊನೆಯಲ್ಲಿ ಅದೇ ನಡುಕ. ಉಪ್ಪಿನ ಕೂಲಿಯ ಗುಡಿಸಲಿನಲ್ಲಿ ಚಕ್ರವರ್ತಿ ಕೂತು ಅಳುತ್ತಿದ್ದಾನೆ. ತನ್ನ ಮುಖದಿಂದ ಹೊರಡುವ ಆ ದನಿಯನ್ನು ಪರದೆಯ ಮೇಲೆ ಕೇಳಿ ಕೇಳಿ ಇವನ ಗಂಟಲು ಅದನ್ನೇ ತನ್ನದೆಂದುಕೊಂಡುಬಿಟ್ಟಿತ್ತು. ಎಷ್ಟು ಸಲ ತೆಗೆದರೂ ಅದೇ.

“ತೆಕ್ ಅಣ್ಣ, ತಪ್ಪು ತಿಳ್ಕೋಬೇಡಿ. ಇದು ಯಾರು ಮಾತಾಡ್ತಿರೋದು?” ಅಂದ ಬಿಂಗ್.

“ನಂಗೂ ಗೊತ್ತಾಗ್ತಿಲ್ಲ ಕಣಪ್ಪ.”

ಸಂಜೆ ಗದ್ದೆಯ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತ. “ಅವ್ವ ಹೇಳಿದ್ದೇ ಸರಿ ಲುವಾನ್. ನಿಜವಾಗ್ಲೂ ಕೂತವ್ನೆ. ಆ ಹುಡುಗಂಗೆ ಹೇಳು, ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಲಿ. ಅವ್ವಂಗೆ ನಾನೇನು ಹೇಳ್ಲಿ ಹೇಳು, ಹೋಗಿ ಏನು ಹೇಳ್ಲಿ?”

ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಜಗಳವಾಡಲು ಬರುತ್ತದೆ. ಚೀಗು ಪೇಟೆಗೆ ಹೋಗಿ ಚೂ ಮೇಷ್ಟ್ರ ಮನೆಗೆ ಫೋನು ಹಚ್ಚಿದೆ. “ಮೇಷ್ಟ್ರೇ, ತೆಕ್ ಅಣ್ಣನ ಗಂಟಲಲ್ಲಿ ಕೂತಿದ್ದೀರಿ, ಬಂದು ಎದ್ದುಹೋಗಿ” ಎಂದೆ. ಅಷ್ಟು ಹೊತ್ತಿಗೆ ಡಬ್ಬಿಂಗ್ ಕೆಲಸ ಕಡಿಮೆಯಾಗಿ ಅವರು ಮನೆಯಲ್ಲೇ ಇದ್ದರು. ಹುಚ್ಚಿ ಎಂದು ಫೋನು ಇಡುತ್ತಾರೆ ಅಂದುಕೊಂಡಿದ್ದೆ. ಅವರು ರೈಲು ಹತ್ತಿ, ಬಸ್ಸು ಹತ್ತಿ, ಬಗಲಲ್ಲಿ ಫ್ಲಾಸ್ಕು ಇಟ್ಟುಕೊಂಡು ಬಂದೇಬಿಟ್ಟರು.

ಇಬ್ಬರೂ ಎದುರಾಬದುರು ನಿಂತದ್ದು ನೋಡುವ ಹಾಗಿತ್ತು. ತೆಕ್ ಅಣ್ಣ ಮೇಷ್ಟ್ರ ದನಿ ಕೇಳಿ ಬೆಚ್ಚಿಬಿದ್ದ. ಮೇಷ್ಟ್ರು ಅವನ ಕಣ್ಣು ನೋಡುತ್ತಲೇ ಇರಲಿಲ್ಲ, ಬಾಯಿಯನ್ನೇ ನೋಡುತ್ತಿದ್ದರು. ಕೆಲಸದ ಚಾಳಿ.

“ನಿಮ್ಮ ಗಂಟಲಲ್ಲಿ ನಾನು ಕೂತಿದ್ದೀನಂತೆ,” ಎಂದರು ಮೇಷ್ಟ್ರು. “ಕೂತು ನಾನು ಪಟ್ಟ ಪಾಡು ನಿಮಗೆ ಗೊತ್ತೇನಪ್ಪಾ?”

“ಯಾಕೆ ಮೇಷ್ಟ್ರೇ?”

“ಪಕ್ಕದಲ್ಲಿ ಕೂತ ಹುಡುಗಿಗೆ ಪ್ರೀತಿಯ ಮಾತು ಹೇಳೋವಾಗಲೂ ನೀವು ಉಸಿರು ಎಳೆದುಕೊಳ್ಳೋದು ಆಚೆ ದಡದವರನ್ನ ಕರೆಯೋ ಹಾಗೆ. ಎದೆ ತುಂಬಾ! ನಾನು ಇಷ್ಟು ಪುಟ್ಟ ಮನುಷ್ಯ. ನನ್ನ ಮಾತು ಮುಗಿದುಹೋಗ್ತಿತ್ತು, ನಿಮ್ಮ ಉಸಿರು ಮುಗೀತಾ ಇರಲಿಲ್ಲ. ಪ್ರತಿ ಸಿನಿಮಾದಲ್ಲೂ ಅರ್ಧ ಉಸಿರು ಹಾಗೇ ಮಿಕ್ಕಿಹೋಗ್ತಿತ್ತು. ಅದನ್ನ ನಾನು ಮುಟ್ಟಿಲ್ಲ. ಮುಟ್ಟೋಕೆ ನನ್ನಿಂದ ಆಗಲೂ ಇಲ್ಲ.” ಬಯಲಿನ ಕಡೆ ಕೈತೋರಿಸಿ ಹೇಳಿದರು, “ಈ ಗುಡಿಸಲು ನಿಮಗೆ ಸಾಲದು. ದೂರ ಹೋಗಿ. ಅಲ್ಲಿಂದ ಕರೀರಿ ನೋಡೋಣ.”

ತೆಕ್ ಅಣ್ಣ ಬದುವಿನ ಮೇಲೆ ನಡೆಯುತ್ತಾ ಹೋದ. ಗದ್ದೆ ದಾಟಿ ಗದ್ದೆ, ಕಡಲ ಕಡೆಗೆ. ಅವನು ಬೆರಳಷ್ಟಾದ, ಇರುವೆಯಷ್ಟಾದ. ಬಿಂಗ್ ಸಿಗರೇಟು ಎಸೆದು ಕ್ಯಾಮೆರಾ ಹಿಂದೆ ಓಡಿದ, ಸೌಂಡಿನವನಿಗೆ ಕೈಸನ್ನೆ ಮಾಡಿದ. ಕಡಲ ಮೇಲೆ ನಿಜವಾದ ಕಪ್ಪು ಮೋಡ ಏಳುತ್ತಿತ್ತು. ಅವನಿಗೆ ಮಾತು ಬರೆದುಕೊಟ್ಟವರು ಯಾರೂ ಇರಲಿಲ್ಲ. ಮೋಡ ನೋಡಿದ. ನಮ್ಮ ಕಡೆ ತಿರುಗಿದ. ಅಷ್ಟು ದೂರದಿಂದಲೂ ಅವನ ಎದೆ ಉಬ್ಬಿದ್ದು ಕಂಡಿತು.

“ಏಯ್... ಮಳೆ ಬತ್ತದೇ...! ಮಳೆ! ಉಪ್ಪು ಎತ್ರೋ...!”

ನಾನು ಬೇತೌನವಳು, ಒಂದು ಹಿಡಿ ಉಪ್ಪು ಬೆಳೆದವಳಲ್ಲ. ಆದರೂ ನನ್ನ ಕಾಲುಗಳು ತಾವಾಗಿಯೇ ಎರಡು ಹೆಜ್ಜೆ ಮುಂದೆ ಹೋದವು. ಅದು ದೊಡ್ಡ ದನಿಯೇನಲ್ಲ, ಚಂದದ ದನಿ ಮೊದಲೇ ಅಲ್ಲ. ಒರಟು, ಅಂಚು ಹರಿದದ್ದು, ಆದರೆ ಗಾಳಿಯನ್ನು ಸೀಳಿಕೊಂಡು ಬಂದು ಎದೆಗೆ ತಾಕುತ್ತಿತ್ತು. ಇಂಥದ್ದು ಒಬ್ಬ ಮನುಷ್ಯನೊಳಗೆ ಇತ್ತು, ನಾವೆಲ್ಲ ಸೇರಿ ಅದನ್ನು ಇಷ್ಟು ವರ್ಷ ಎಣಿಸಲು ಹಚ್ಚಿದ್ದೆವು! ಚೂ ಮೇಷ್ಟ್ರ ಕೈಯ ಫ್ಲಾಸ್ಕು ವಾಲಿ ಚಹಾ ಅವರ ಬೂಟಿನ ಮೇಲೆಲ್ಲ ಸುರಿಯುತ್ತಿತ್ತು. ಅವರಿಗೆ ಗೊತ್ತೇ ಆಗಲಿಲ್ಲ.

“ಇದಕ್ಕಾ?” ಎಂದರು ಮೆಲ್ಲಗೆ. “ಇದರ ಮೇಲಾ ನಾನು ಇಷ್ಟು ದಿನ ಮಾತಾಡಿದ್ದು?”

ಆಮೇಲೆ ಎಲ್ಲ ದಾರಿಗೆ ಬಂತು. ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಬಂದು ಮಾತಾಡುತ್ತಾ, ಕೊನೆಗೆ ಅದೇ ದನಿಯನ್ನು ಕೈಹಿಡಿದು ಗುಡಿಸಲಿನೊಳಗೆ ಕರೆತಂದು ಹೆಂಡತಿಯ ಪಕ್ಕ ಕೂತ. ಆ ದೃಶ್ಯದ ದಿನ ನಗಲು ಯಾರಿಗೂ ಉಸಿರಿರಲಿಲ್ಲ.

ಸಿನಿಮಾ ತಾಯ್‌ಪೇಯಲ್ಲಿ ಒಂದು ವಾರ ಓಡಿ ಸುಸ್ತಾಯಿತು. ಪತ್ರಿಕೆಯವರು ನಾಲ್ಕು ಸಾಲು ಬರೆದು ಕೈತೊಳೆದುಕೊಂಡರು. ನಗರದ ಜನಕ್ಕೆ ಆಗ ಹೊಡೆದಾಟ ಬೇಕಿತ್ತು, ಅವರ ಕಿವಿಗೆ ಏನು ಹೇಳುವುದು. ಮುಂದೆ ಟಿವಿಯಲ್ಲಿ ನಮ್ಮ ಮಾತಿನ ಧಾರಾವಾಹಿಗಳ ಕಾಲ ಬಂದು ತೆಕ್ ಅಣ್ಣ ಎಲ್ಲ ಮನೆಗಳ ಅಜ್ಜನಾದ, ಮೂಗನ ಕಾಲಕ್ಕಿಂತ ಹತ್ತರಷ್ಟು ಹೆಸರು ಮಾಡಿದ. ನನಗೆ ಅದ್ಯಾವುದೂ ದೊಡ್ಡದಲ್ಲ. ನಾನು ಹೇಳಬೇಕಾದದ್ದು ಆ ವರ್ಷ ಕಡಲ ದೇವಿ ಮಾತ್ಸು ಅಮ್ಮನ ಹುಟ್ಟುಹಬ್ಬಕ್ಕೆ ಬುದಾಯ್‌ನ ಗುಡಿಯಲ್ಲಿ ನಡೆದದ್ದು.

ದೇವಿಗೆ ಹರಕೆ ಒಪ್ಪಿಸಲು ಊರವರು ಸಿನಿಮಾ ತೋರಿಸುತ್ತಾರೆ. ದೇವಿಗೂ ಕಾಣಬೇಕಲ್ಲ, ಬಟ್ಟೆಯನ್ನು ಗುಡಿಯ ಬಾಗಿಲಿಗೆ ಎದುರಾಗಿ ಕಟ್ಟುತ್ತಾರೆ. ಬಿಂಗ್ ಬಾಡಿಗೆ ಕೇಳದೆ ತನ್ನ ಸಿನಿಮಾದ ಡಬ್ಬಗಳನ್ನು ತಂದಿದ್ದ. ಉಪ್ಪಿನ ಸುಗ್ಗಿಯ ಕೊನೆಯ ದಿನಗಳು, ಒಂದು ಮಳೆ ಬಿದ್ದರೆ ಕರಗಿ ನೀರಾಗುವ, ಎತ್ತದ ಉಪ್ಪು ಇನ್ನೂ ಗದ್ದೆಗಳಲ್ಲಿ ಬೆಳ್ಳಗೆ ಹರಡಿಕೊಂಡಿತ್ತು. ಕತ್ತಲಾಗುತ್ತಿದ್ದಂತೆ ಇಡೀ ಊರು ಮಣೆ, ಸ್ಟೂಲು ಹೊತ್ತುಕೊಂಡು ಬಂತು. ಬೊಂಗ್ ಚಿಯನ್ನು ಬಿದಿರು ಕುರ್ಚಿಯ ಸಮೇತ ಎತ್ತಿ ತಂದು ಮುಂದೆ ಕೂರಿಸಿದರು. ಕಾಲು ಸೋತಿತ್ತು. ಉಳಿದ ಒಂದು ಕಿವಿಗೂ ಬಾಯಿ ಹತ್ತಿರ ಇಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು, ಅದೂ ಕೆಲವು ದಿನ ಉಂಟು, ಕೆಲವು ದಿನ ಇಲ್ಲ.

ತೆಕ್ ಅಣ್ಣ ಯಂತ್ರದವನ ಕಾಲಿಗೆ ಬೀಳುವುದೊಂದು ಬಾಕಿ. ಲೌಡ್‌ಸ್ಪೀಕರನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎಳೆಸಿ, ಕೊನೆಗೆ ಅವ್ವನ ಬಲಗಿವಿಯ ಪಕ್ಕಕ್ಕೇ ತಂದು ನಿಲ್ಲಿಸಿದ.

“ಅವ್ವಾ, ಇವತ್ತು ಕೇಳ್ತದಾ?”

“ಆಂ?”

“ಕಿವಿ! ಕೇಳ್ತದಾ?”

“ಉಂಡೆ ಕಣ್ಲಾ, ಮೀನಿನ ಗಂಜಿ ಉಂಡೆ.”

ಅವನು ನನ್ನ ಕಡೆ ನೋಡಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ತಡವಾಯಿತು ಎಂದು ಇಬ್ಬರಿಗೂ ಅನ್ನಿಸಿತು. ಅವನು ಕುರ್ಚಿಯ ಹಿಂದೆ ನಿಂತ. ದೀಪ ಆರಿಸಿದರು.

ಬಿಂಗ್ ಆ ಕೂಗನ್ನು ಸಿನಿಮಾದ ಎಲ್ಲಕ್ಕಿಂತ ಮೊದಲು ಇಟ್ಟಿದ್ದ. ಹೆಸರಿಲ್ಲ, ಸಂಗೀತವಿಲ್ಲ. ಬಟ್ಟೆಯ ಮೇಲೆ ಬಯಲು, ಗಾಳಿ, ಮೋಡ, ಇರುವೆಯಂಥ ಮನುಷ್ಯ. ಮಕ್ಕಳು ಕಡಲೆಕಾಯಿ ಸುಲಿಯುತ್ತಿದ್ದವು, ಹೆಂಗಸರ ಮಾತು ಇನ್ನೂ ನಿಂತಿರಲಿಲ್ಲ. ಕೂಗು ಬಂತು.

“ಏಯ್... ಮಳೆ ಬತ್ತದೇ...! ಮಳೆ! ಉಪ್ಪು ಎತ್ರೋ...!”

ಇಡೀ ಅಂಗಳ ಎದ್ದು ನಿಂತಿತು. ಸುಳ್ಳಲ್ಲ, ಒಬ್ಬರಲ್ಲ ಇಬ್ಬರಲ್ಲ, ಇಡೀ ಊರು. ಸ್ಟೂಲುಗಳು ದಡಬಡ ಉರುಳಿದವು. ಹೆಂಗಸರು ಮಗುವನ್ನು ಪಕ್ಕದವರ ಮಡಿಲಿಗೆ ಹಾಕಿ ಸೊಂಟಕ್ಕೆ ಕೈಹಾಕಿ ಇಲ್ಲದ ಬುಟ್ಟಿ ತಡಕಿದರು. ಗಂಡಸರು ಚಪ್ಪಲಿ ಬಿಟ್ಟು ಗದ್ದೆಯ ದಾರಿ ಹಿಡಿದಾಗಿತ್ತು, ಒಬ್ಬ ಮುದುಕ ಓಣಿಯ ತುದಿಯನ್ನೇ ತಲುಪಿದ್ದ. ತಲೆಯ ಮೇಲೆ ಆಕಾಶದ ತುಂಬ ನಕ್ಷತ್ರಗಳಿದ್ದವು. ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಆ ದನಿಯನ್ನು ಅನುಮಾನಿಸಬೇಕೆಂದು ಯಾರಿಗೂ ತೋಚಲಿಲ್ಲ. ನನ್ನ ಜೀವಮಾನದಲ್ಲಿ ಎಷ್ಟೋ ನಟರಿಗೆ ಚಪ್ಪಾಳೆ ಬಿದ್ದದ್ದು ಕೇಳಿದ್ದೇನೆ. ಇಂಥದ್ದನ್ನು ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ.

ಕೂತೇ ಇದ್ದವಳು ಒಬ್ಬಳೇ. ಅವಳ ಬಲಗಿವಿ ಬಟ್ಟೆಯ ಕಡೆ ವಾಲಿತ್ತು. ಒಣಗಿದ ಎರಡು ಕೈಗಳನ್ನೂ ಗಾಳಿಯಲ್ಲಿ ಬೀಸುತ್ತಾ, ಓಡುವ ಜನವನ್ನು ಬೈದು ಕೂಗಿದಳು:

“ಎಲ್ಲಿಗ್ರೋ ಓಡ್ತೀರಿ? ಕೂತ್ಕಳ್ರೋ! ಮಳೆ ಇಲ್ಲ, ಏನಿಲ್ಲ! ನನ್ ಮಗ ಕಣ್ರೋ ಅದು, ನನ್ ಮಗ ಮಾತಾಡ್ತಾವ್ನೆ!”

ಯಾರೂ ಕೂರಲಿಲ್ಲ. ಬಟ್ಟೆಯ ಮೇಲೆ ಅವನು ಮತ್ತೊಮ್ಮೆ ಕೂಗಿದ. ಓಡುತ್ತಿದ್ದವರೂ ದಾರಿಯಲ್ಲೇ ತಿರುಗಿ ನಿಂತರು. ಉಳಿದವರು ನಿಂತಲ್ಲೇ ನಿಂತು, ಉರುಳಿದ ಸ್ಟೂಲುಗಳ ನಡುವೆ, ಸುಮ್ಮನೆ ಕೇಳುತ್ತಿದ್ದರು.